ದೇವರನ್ನು ನಂಬದಿದ್ದರೆ ಕಷ್ಟದಲ್ಲಿ ಯಾರು ದಿಕ್ಕು?

ನಾನು ದೇವರನ್ನು ನಂಬುವುದಿಲ್ಲ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಚಿಕ್ಕಮ್ಮನ ಬಾಯಲ್ಲಿ ಅದು "ಅಲ್ವೇ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ನೆನೆಸ್ಕೋತೀಯೆ?" ಅಂತ ಬರುತ್ತದೆ. ಆಫೀಸಿನಲ್ಲಿ "ಮೇಡಂ, ಮನುಷ್ಯ ಅಂದ್ಮೇಲೆ ಏನಾದ್ರೂ ಒಂದು ನಂಬಿಕೆ ಬೇಕಲ್ವಾ?" ಅಂತ. ಗೆಳತಿಯರು ಇನ್ನೂ ನೇರ: "ಸಂಕಟ ಬಂದಾಗ ವೆಂಕಟರಮಣ ಅಂತೀಯಾ ಬಿಡು, ನೋಡ್ತಾ ಇರು." ಸಂಕಟ ಬಂದು ಹೋಗಿದೆ, ವೆಂಕಟರಮಣ ಅನ್ನಲಿಲ್ಲ. ಹಾಗಂತ ಅದರಲ್ಲಿ ಜಂಬ ಪಡುವಂಥದ್ದೂ ಏನಿಲ್ಲ. ಪ್ರತಿ ಸಲ ಕಾಫಿ ಆರುವ ಹೊತ್ತಿಗೆ ಅರ್ಧ ಉತ್ತರ ಹೇಳಿ ಎದ್ದು ಬರುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ಧರ್ಮದ ನಂಬಿಕೆ ಇಲ್ಲದೆ ಬದುಕಿನ ಕಷ್ಟ ಎದುರಿಸಲು ಆಗುತ್ತದಾ? ಆಗುತ್ತದೆ. ಆಗಿ ತೋರಿಸಿದವರು ನಮ್ಮ ಪಕ್ಕದಲ್ಲೇ ಇದ್ದರು. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, ನಾಸ್ತಿಕ ಅನ್ನುವ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದರು. 1947ರಲ್ಲಿ ಅದನ್ನು ವಿಜಯವಾಡಕ್ಕೆ ತಂದರು. ದೊಡ್ಡ ಸಂಸಾರ ಸಾಕಿದರು, ಜೈಲಿಗೆ ಹೋಗಿ ಬಂದರು, ಗಾಂಧೀಜಿಯ ಎದುರು ಕೂತು ದೇವರ ಬಗ್ಗೆ ವಾದ ಮಾಡಿದರು. ನಮ್ಮಲ್ಲಿ ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಗದ್ದಲ ಎಬ್ಬಿಸಿದ ವಿಚಾರವಾದಿ. ಮದುವೆ ಇಲ್ಲ, ಮಕ್ಕಳಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ಮನೆ.

ಆದರೆ ಇಂಥವರ ಹೆಸರು ಹೇಳಿ ವಾದ ಗೆದ್ದೆ ಅಂದುಕೊಂಡರೆ ಅದು ಅರ್ಧ ಸತ್ಯ. ಗೋರಾ ಅವರ ಸುತ್ತ ಒಂದು ಸಣ್ಣ ಊರೇ ಇತ್ತು. ಎಚ್ಚೆನ್ ಅವರ ಕೋಣೆಯ ಬಾಗಿಲಾಚೆ ವಿದ್ಯಾರ್ಥಿಗಳಿದ್ದರು, ಕೈತುಂಬ ಕೆಲಸ ಇತ್ತು. ದೇವರನ್ನು ಬಿಟ್ಟ ಮನುಷ್ಯ ಜನರನ್ನೂ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇವರ ಬದುಕಿನಲ್ಲಿ ಉತ್ತರ ಸಿಗುವುದಿಲ್ಲ. ನನ್ನನ್ನು ಕೇಳುವವರಿಗೆ ನಿಜವಾಗಿ ಬೇಕಾಗಿರುವುದು ಆ ಉತ್ತರವೇ ಅಂತ ನನ್ನ ಅನುಮಾನ.

ಅಪ್ಪ ತೀರಿಕೊಂಡಾಗ ನಾನು ಇದನ್ನು ಹತ್ತಿರದಿಂದ ನೋಡಿದೆ. ನಮ್ಮ ಹಾಸನದ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಅನ್ನ, ಸಾರು ತಂದಿಡುತ್ತಾರೆ. ಮೂರನೇ ದಿನ ಹಾಲು-ತುಪ್ಪ, ಹನ್ನೊಂದನೇ ದಿನ ತಿಥಿ. ಅಣ್ಣ ತಲೆ ಬೋಳಿಸಿಕೊಂಡ. ಯಾರನ್ನು ಕರೆಯಬೇಕು, ಎಷ್ಟು ಎಲೆ ಬೇಕು, ಶಾಮಿಯಾನದವನಿಗೆ ಎಷ್ಟು ಅಡ್ವಾನ್ಸ್ ಕೊಡಬೇಕು ಅಂತ ಮನೆ ತುಂಬ ಮಾತು. ಅಮ್ಮನ ಪಕ್ಕ ಯಾರಾದರೊಬ್ಬರು ಕೂತೇ ಇರುತ್ತಿದ್ದರು. ಬಂದವರೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದರು, "ಹೇಗಾಯ್ತು?" ಅಂತ. ಅಮ್ಮ ಅದೇ ಕತೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಮೊದಲ ದಿನ ಹೇಳಲಾಗದೆ ಅಳುತ್ತಿದ್ದವರು ತಿಥಿಯ ಹೊತ್ತಿಗೆ ಪೂರ್ತಿ ಹೇಳಿ ಮುಗಿಸುವಷ್ಟಾದರು.

ಅಪ್ಪನ ಆತ್ಮಕ್ಕೆ ಆ ಹಾಲು, ತುಪ್ಪ ತಲುಪಿತು ಅಂತ ನಾನು ನಂಬುವುದಿಲ್ಲ. ಆದರೆ ಆ ಹನ್ನೊಂದು ದಿನಗಳ ವ್ಯವಸ್ಥೆ ನನ್ನನ್ನೂ ಹೊತ್ತುಕೊಂಡಿತು. ನಂಬಿಕೆ ಇದೆಯಾ ಇಲ್ಲವಾ ಅಂತ ಕೇಳಿ ಯಾರೂ ನನಗೆ ಸಾರು ಬಡಿಸಲಿಲ್ಲ. ಏನು ಮಾಡಬೇಕು ಅಂತ ತೋಚದ ಹೊತ್ತಿನಲ್ಲಿ ಕೈಗೊಂದು ಕೆಲಸ, ಪಕ್ಕದಲ್ಲೊಬ್ಬರು ಮನುಷ್ಯರು. ಧರ್ಮ ತಲೆಮಾರುಗಳಿಂದ ಇದನ್ನು ತುಂಬಾ ಚೆನ್ನಾಗಿ ಮಾಡಿಕೊಂಡು ಬಂದಿದೆ. ನಾವು ನಾಸ್ತಿಕರು ಇಂಥದ್ದೇನನ್ನೂ ಸರಿಯಾಗಿ ಕಟ್ಟಿಕೊಂಡಿಲ್ಲ. ಸಭೆ ಮಾಡುತ್ತೇವೆ, ಭಾಷಣ ಮಾಡುತ್ತೇವೆ. ಸಾವಿನ ಮನೆಗೆ ಅನ್ನ ಯಾರು ಒಯ್ಯಬೇಕು ಅಂತ ಮಾತ್ರ ನಮ್ಮಲ್ಲಿ ಗೊತ್ತುಮಾಡಿಲ್ಲ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಚೇಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಮ್ ಎಂಬ ಸಂಶೋಧಕರು ಅಮೆರಿಕದಲ್ಲಿ ಮಾಡಿದ ಅಧ್ಯಯನ 2010ರಲ್ಲಿ ಬಂತು. ಧಾರ್ಮಿಕರಿಗೆ ಬದುಕಿನಲ್ಲಿ ಸಮಾಧಾನ ಜಾಸ್ತಿ ಅನ್ನುವುದು ಅವರಿಗೂ ಕಂಡಿತು. ಯಾಕೆ ಅಂತ ಕೆದಕಿ ನೋಡಿದಾಗ ಸಿಕ್ಕ ಮುಖ್ಯ ಕಾರಣ, ಚರ್ಚಿನಂಥ ಕಡೆ ತಪ್ಪದೆ ಹೋಗಿ ಅಲ್ಲಿ ಮಾಡಿಕೊಂಡ ಗೆಳೆಯರು. ಹೋಗುತ್ತಿದ್ದರೂ ಅಲ್ಲಿ ಗೆಳೆಯರಿಲ್ಲದವರಿಗೆ ಆ ಲಾಭ ಅಷ್ಟಾಗಿ ಇರಲಿಲ್ಲ. ಸಾವಿಲ್ಲದ ಮನೆಯ ಸಾಸಿವೆ ಕತೆ ಎಲ್ಲರಿಗೂ ಗೊತ್ತಲ್ಲ. ಸಾವು ಯಾರನ್ನೂ ಬಿಟ್ಟಿಲ್ಲ ಅನ್ನುವ ಪಾಠಕ್ಕೆ ಅದನ್ನು ಹೇಳುತ್ತಾರೆ. ನನಗೆ ಅದರಲ್ಲಿ ಇಷ್ಟವಾಗುವುದು ಬೇರೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧ ಮಂತ್ರ ಕೊಡಲಿಲ್ಲ. ಊರಿನ ಮನೆಮನೆಗೆ ಕಳಿಸಿದ. ಪ್ರತಿ ಬಾಗಿಲಲ್ಲೂ ಅವಳಿಗೆ ತನ್ನ ಹಾಗೇ ಕಳೆದುಕೊಂಡವರು ಸಿಕ್ಕಿದರು.

ಈ ವಿಷಯದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ ಅಧ್ಯಯನ ಮಾತ್ರ ಇನ್ನೊಂದು. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರಿದ್ದರು. ಆರ್. ರಘುರಾಂ ಮತ್ತು ಜೊತೆಗಾರರು 2000ದಲ್ಲಿ ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ದೇವಸ್ಥಾನಕ್ಕೆ ಹೋದರು. ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಮನೆಯವರು ಅಲ್ಲಿಗೆ ಕರೆತರುತ್ತಿದ್ದರು. ಬಂದು ಉಳಿದುಕೊಂಡ 31 ಜನರನ್ನು ವೈದ್ಯರು ಬಂದ ದಿನ ಒಮ್ಮೆ, ಹೊರಡುವ ದಿನ ಒಮ್ಮೆ ಪರೀಕ್ಷಿಸಿದರು. ಸರಾಸರಿ ಆರು ವಾರದ ವಾಸ. ಕಾಯಿಲೆಯ ತೀವ್ರತೆ ಅಳೆಯುವ ಅಂಕ ಹತ್ತಿರ ಹತ್ತಿರ ಶೇ. 20ರಷ್ಟು ಇಳಿದಿತ್ತು. ಮಾತ್ರೆಗಳಿಂದ ಸಿಗುವ ಸುಧಾರಣೆಗೆ ಇದನ್ನು ಹೋಲಿಸಬಹುದು ಅಂತ ಅವರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು.

ಭಕ್ತರು ಇದನ್ನು ಓದಿ "ನೋಡಿದ್ಯಾ!" ಅನ್ನಬಹುದು. ತಾಳಿ. ಅಲ್ಲಿ ಏನು ನಡೆಯುತ್ತಿತ್ತು ನೋಡಿ. ಬೆಳಿಗ್ಗೆ ಒಂದು ಸಣ್ಣ ಪೂಜೆ. ಕಾಯಿಲೆ ಬಿಡಿಸುವ ವಿಶೇಷ ವಿಧಿ ಏನೂ ಇಲ್ಲ. ಆಮೇಲೆ ಇಡೀ ದಿನ ದೇವಸ್ಥಾನ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಮನೆಯವರೊಬ್ಬರು ಜೊತೆಯಲ್ಲೇ ಉಳಿದಿರುತ್ತಿದ್ದರು. ಉಳಿಯಲು ದುಡ್ಡು ಕೊಡಬೇಕಾಗಿರಲಿಲ್ಲ. ಬೈಯುವವರು, ಹೆದರಿಸುವವರು ಇರಲಿಲ್ಲ. ಹೋಲಿಸಿ ನೋಡಲು ಬೇರೊಂದು ಗುಂಪು ಇಲ್ಲದ ಸಣ್ಣ ಅಧ್ಯಯನ ಇದು ನಿಜ. ಇದನ್ನು ಹಿಡಿದುಕೊಂಡು ಯಾರೂ ಮಾತ್ರೆ ನಿಲ್ಲಿಸಬಾರದು. ಆದರೂ ಆ ಹಳ್ಳಿಯ ಗುಡಿ ಆ ಜನರನ್ನು ಮನುಷ್ಯರ ಹಾಗೆ ಇಟ್ಟುಕೊಂಡಿತ್ತು ಅನ್ನುವುದು ನನಗೆ ಸಣ್ಣ ಮಾತಲ್ಲ.

ಅದೇ ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ ಏರವಾಡಿ ಅಂತ ಒಂದು ಊರಿದೆ. ಅಲ್ಲಿನ ದರ್ಗಾಕ್ಕೆ ಹೋದರೆ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆ ಅಂತ ಎಲ್ಲ ಜಾತಿ, ಎಲ್ಲ ಧರ್ಮದವರೂ ನಂಬಿ ಬರುತ್ತಿದ್ದರು. ಹಾಗೆ ಬಂದವರನ್ನು ಇಟ್ಟುಕೊಳ್ಳಲು ಖಾಸಗಿಯವರು ಸುತ್ತಮುತ್ತ ಮನೆ ತೆರೆದಿದ್ದರು, ದುಡ್ಡು ತೆಗೆದುಕೊಳ್ಳುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಮನೆಗೆ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ಓಡಲಾಗದೆ 28 ಜನ ಸತ್ತರು.

ಆ ಗುಡಿಗೂ ಈ ಮನೆಗೂ ಜನರನ್ನು ಕರೆತಂದಿದ್ದು ಒಂದೇ ಥರದ ನಂಬಿಕೆ. ಒಂದು ಕಡೆ ಜೊತೆಗೆ ಅಮ್ಮನೋ ಅಣ್ಣನೋ ಇದ್ದರು, ಇನ್ನೊಂದು ಕಡೆ ಸರಪಳಿ. ಹಾಗಾಗಿ "ನಂಬಿಕೆ ಒಳ್ಳೆಯದಾ ಕೆಟ್ಟದ್ದಾ?" ಅಂತ ಯಾರಾದರೂ ಕೇಳಿದರೆ ನಾನು ಅದು ಯಾರ ಕೈಯಲ್ಲಿದೆ ಅಂತ ತಿರುಗಿ ಕೇಳುತ್ತೇನೆ.

ನಂಬಿಕೆ ಯಾವಾಗಲೂ ಸಮಾಧಾನ ಕೊಡುತ್ತದೆ ಅನ್ನುವುದೂ ಸುಳ್ಳು. ಮಗು ಕಳೆದುಕೊಂಡ ತಾಯಿಯ ಮುಂದೆ "ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ದಳೋ" ಅಂತ ಮಾತಾಡುವವರನ್ನು ನೀವೂ ನೋಡಿರುತ್ತೀರಿ. ಕ್ಯಾನ್ಸರ್ ಬಂದವರಿಗೆ ಕುಲದೇವರ ಹರಕೆ ತೀರಿಸಿಲ್ಲ ಅದಕ್ಕೇ ಹೀಗಾಯ್ತು ಅನ್ನುವವರನ್ನೂ. ಕಾಯಿಲೆ ಒಂದು ಭಾರ, ಅದರ ಮೇಲೆ ತಪ್ಪು ನನ್ನದೇ ಅನ್ನುವ ಭಾರ. ಕೆನೆತ್ ಪಾರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಅಮೆರಿಕದ ಆಸ್ಪತ್ರೆಗಳಲ್ಲಿ 55 ವರ್ಷ ದಾಟಿದ 596 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಬರೆದರು. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತ ಕೊರಗುತ್ತಿದ್ದವರಲ್ಲಿ ಸಾವಿನ ಸಾಧ್ಯತೆ ಉಳಿದವರಿಗಿಂತ ಹೆಚ್ಚಿತ್ತು. ನನಗೆ ಕಷ್ಟ ಬಂದಾಗ ಈ ಒಂದು ಕಾಟ ಮಾತ್ರ ಇರಲಿಲ್ಲ. "ನನಗೇ ಯಾಕೆ?" ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೂ ಮೇಲೆ ಕೂತಿರಲಿಲ್ಲ. ನಾಸ್ತಿಕರಿಗೆ ಸಿಗುವ ಸಮಾಧಾನ ಏನು ಅಂತ ಕೇಳುವವರಿಗೆ ನಾನು ಇದನ್ನೇ ಹೇಳುವುದು. ಒಣ ಸಮಾಧಾನ ಅನ್ನಿಸಬಹುದು. ನನಗೆ ಅದು ತುಂಬಾ ದೊಡ್ಡದಾಗಿತ್ತು.

ಈಗ ನಾಸ್ತಿಕ ಗೆಳೆಯರಿಗೆ ಇಷ್ಟವಾಗದ ಮಾತು. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ನೂರು ವರ್ಷದ ಹಿಂದೆ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರರ ಬಗ್ಗೆ ಬರೆದಿದ್ದ. ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅವರು ಮಂತ್ರತಂತ್ರ ಮಾಡುತ್ತಿರಲಿಲ್ಲ. ತೆರೆದ ಕಡಲಿಗೆ ಹೋಗುವಾಗ ಮಾಡುತ್ತಿದ್ದರು. ನಮ್ಮ ಮಲ್ಪೆಯವರು ಮಳೆಗಾಲ ಮುಗಿದು ಮತ್ತೆ ಕಡಲಿಗೆ ಇಳಿಯುವ ಮೊದಲು ವಡಭಾಂಡೇಶ್ವರದಲ್ಲಿ ಸಮುದ್ರ ಪೂಜೆ ಮಾಡಿ ಹಾಲು ಎರೆಯುತ್ತಾರೆ. 2018ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ. ಇಂಥ ಕಡಲಿಗೆ ಗಂಡನನ್ನು ಕಳಿಸುವ ಹೆಂಗಸಿಗೆ "ಹಾಲು ಸುಮ್ನೆ ದಂಡ" ಅಂತ ಎಸಿ ರೂಮಿನಲ್ಲಿ ಕೂತ ನಾನು ಹೇಳಬೇಕಾ?

ನನಗೆ ತಿಂಗಳ ಸಂಬಳ ಇದೆ. ಹೆಲ್ತ್ ಇನ್ಶೂರೆನ್ಸ್ ಇದೆ. ಅರ್ಧ ಗಂಟೆಯಲ್ಲಿ ದೊಡ್ಡ ಆಸ್ಪತ್ರೆ ತಲುಪುತ್ತೇನೆ. ನನ್ನ ನಾಸ್ತಿಕತೆಗೆ ನನ್ನ ಓದು ಎಷ್ಟು ಕಾರಣವೋ ಇವೂ ಅಷ್ಟೇ ಕಾರಣ ಅಂತ ನನಗೆ ಬರಬರುತ್ತಾ ಅನಿಸಿದೆ. ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಜೊತೆಗಾರರು 150ಕ್ಕೂ ಹೆಚ್ಚು ದೇಶಗಳ ಅಂಕಿಅಂಶ ಹಾಕಿಕೊಂಡು ನೋಡಿ 2011ರಲ್ಲಿ ಹೇಳಿದ್ದೂ ಇದನ್ನೇ. ಹಸಿವು, ಅಭದ್ರತೆ ಇರುವ ಕಡೆ ಧಾರ್ಮಿಕರು ಜಾಸ್ತಿ, ಅವರಿಗೆ ಅದರಿಂದ ನೆಮ್ಮದಿಯೂ ಸಿಗುತ್ತದೆ. ಬದುಕು ಸುಭದ್ರವಾಗಿರುವ ದೇಶಗಳಲ್ಲಿ ನಂಬುವವರಿಗೂ ನಂಬದವರಿಗೂ ನೆಮ್ಮದಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ನೂರಾರು ಕಿಲೋಮೀಟರ್ ನಡೆದು ಹರಕೆ ತೀರಿಸಲು ಹೊರಟವರನ್ನು ನೋಡಿ ನಗುವ ಮೊದಲು, ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಇದ್ದಾರಾ ಅಂತ ಒಂದು ಸಲ ವಿಚಾರಿಸುವುದು ಒಳ್ಳೆಯದು.

ಚಿಕ್ಕಮ್ಮನ ಪ್ರಶ್ನೆ ಇನ್ನೂ ಉಳಿದಿದೆ, ಯಾರನ್ನ ನೆನೆಸ್ಕೋತೀಯೆ ಅಂತ. ಐಸಿಯು ಹೊರಗಿನ ಬೆಂಚಿನ ಮೇಲೆ ರಾತ್ರಿ ಮೂರು ಗಂಟೆಗೆ ಕೂತಾಗ, ಪಕ್ಕದಲ್ಲಿ ಒಬ್ಬರು ಅಜ್ಜಿ ಜಪಮಣಿ ಎಣಿಸುತ್ತಿದ್ದರು. ಅವರಿಗೆ ಮಾತಾಡಲು ಯಾರೋ ಇದ್ದರು, ನನಗೆ ಇರಲಿಲ್ಲ. ಅದಕ್ಕೆ ಸಮನಾದದ್ದು ನನ್ನ ಹತ್ತಿರ ಏನೂ ಇಲ್ಲ. ಸಂಗೀತ, ಧ್ಯಾನ, ಪ್ರಕೃತಿ ಅಂತೆಲ್ಲ ಹೇಳುತ್ತಾರೆ. ಆ ಹೊತ್ತಿನಲ್ಲಿ ಯಾವುದೂ ನೆನಪಾಗಲಿಲ್ಲ. "ಎಷ್ಟು ಹೊತ್ತಿಗಾದ್ರೂ ಫೋನ್ ಮಾಡು" ಅಂದಿದ್ದ ಗೆಳತಿಗೆ ಫೋನ್ ಮಾಡಿದೆ. ಅವಳು ನಿದ್ದೆಗಣ್ಣಲ್ಲೇ ಎತ್ತಿದಳು. ಅವಳು ಎತ್ತದೇ ಇದ್ದಿದ್ದರೆ ಆ ರಾತ್ರಿ ತುಂಬಾ ಉದ್ದ ಆಗುತ್ತಿತ್ತು. ಅಜ್ಜಿಯ ದೇವರು ಫೋನ್ ಎತ್ತದೇ ಇರುವ ಪ್ರಶ್ನೆಯೇ ಇಲ್ಲ ನೋಡಿ, ಆ ಅನುಕೂಲ ನನಗಿಲ್ಲ. ಅದಕ್ಕೇ ಆ ಗೆಳತಿಯ ಮನೆಯಲ್ಲಿ ಏನೇ ಆದರೂ ಕರೆಯುವ ಮೊದಲೇ ಹೋಗಿ ನಿಲ್ಲುತ್ತೇನೆ.

ಈ ಪ್ರಶ್ನೆ ಕೇಳುವ ಚಿಕ್ಕ ವಯಸ್ಸಿನವರಲ್ಲಿ ಕೆಲವರಿಗೆ ನನ್ನ ಬದುಕಿನ ಬಗ್ಗೆ ಆಸಕ್ತಿ ಇರುವುದಿಲ್ಲ. ಅವರಿಗೇ ನಂಬಿಕೆ ಹೋಗಿರುತ್ತದೆ. ಮನೆಯಲ್ಲಿ ಹೇಳಬೇಕಾ, ಹೇಳಿದರೆ ಅಮ್ಮ ಏನಾಗುತ್ತಾರೋ ಅನ್ನುವ ಹೆದರಿಕೆ. ಅವರಿಗೆ ನನ್ನ ಸಲಹೆ ಇಷ್ಟೇ. ಇವತ್ತೇ ಘೋಷಣೆ ಮಾಡಬೇಕು ಅಂತೇನಿಲ್ಲ. ಗೌರಿ ಹಬ್ಬಕ್ಕೆ ಊರಿಗೆ ಹೋಗಿ. ಮಾವಿನ ಸೊಪ್ಪು ಕಟ್ಟಿ, ಒಬ್ಬಟ್ಟು ತಟ್ಟಲು ಕೂತುಕೊಳ್ಳಿ, ಪಕ್ಕದ ಮನೆಯವರಿಗೆ ಕೊಟ್ಟು ಬನ್ನಿ. ಮಂಗಳಾರತಿ ಹೊತ್ತಿಗೆ ಕೈ ಮುಗಿಯಲು ಮನಸ್ಸು ಬರದಿದ್ದರೆ ಜಾಗಟೆ ಹೊಡೆಯುವ ಕೆಲಸ ತೆಗೆದುಕೊಳ್ಳಿ. ಎರಡೂ ಕೈಗೆ ಕೆಲಸ ಇರುವವರನ್ನು ಯಾಕೆ ಕೈ ಮುಗಿಯಲಿಲ್ಲ ಅಂತ ನಮ್ಮ ಮನೆಯಲ್ಲಂತೂ ಯಾರೂ ಕೇಳಿಲ್ಲ.