ಓಕೆ ಒತ್ತೋ ಮುಂಚೆ

ಮಾರ್ಚ್ 14, 2025, ಶುಕ್ರವಾರ ರಾತ್ರಿ

"ಡಿಸ್ಕ್ ಇನಿಶಿಯಲೈಸ್ ಮಾಡಿ ಅಂತ ಬರ್ತಿದೆ ಅಕ್ಕಾ, ಓಕೆ ಒತ್ಲಾ?"

ತಂಗಿಯ ಫೋನು. ಹಳೇ ಕಂಪ್ಯೂಟರಿನಿಂದ ಬಿಚ್ಚಿದ 3 ಟಿಬಿ ಡಿಸ್ಕು, ಅದರಲ್ಲಿ ಎಲ್ಲರ ಫೋಟೊ. ಅದನ್ನ ಸಾಟಾ-ಯುಎಸ್‌ಬಿ ಅಡಾಪ್ಟರಿನಲ್ಲಿ (ಡಿಸ್ಕಿನ ಸಾಟಾ ಕನೆಕ್ಟರನ್ನ ಯುಎಸ್‌ಬಿಗೆ ಸೇರಿಸೋ ಸಾಧನ) ಬೇರೆ ಕಂಪ್ಯೂಟರಿಗೆ ಹಾಕಿದ್ದಾಳೆ. ಒತ್ತಬೇಡ ಕಣೇ, ಕ್ಯಾನ್ಸಲ್ ಮಾಡು ಅಂದೆ. ಖಾಲಿ ಡಿಸ್ಕಿಗೆ ಆ ಪ್ರಶ್ನೆ ಸರಿ. ಡೇಟಾ ಇರೋ ಡಿಸ್ಕಿಗೆ ಅದರ ಅರ್ಥ, ಪಾರ್ಟಿಷನ್ ಪಟ್ಟಿ (ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಗೆ ಅನ್ನೋ ಪಟ್ಟಿ) ವಿಂಡೋಸ್‌ಗೆ ಓದೋಕೆ ಆಗ್ತಿಲ್ಲ ಅಂತ. ಓಕೆ ಒತ್ತಿದರೆ ಹೊಸ ಪಟ್ಟಿ ಬರೀತದೆ. ಫೋಟೊ ಅಳಿಸಿಹೋಗಲ್ಲ, ಆದರೆ ಅವು ಎಲ್ಲಿವೆ ಅಂತ ಹೇಳೋ ದಾರಿಯೇ ಹೋಗ್ತದೆ. ಆಮೇಲೆ ಟೆಸ್ಟ್‌ಡಿಸ್ಕ್ ಅನ್ನೋ ಕಳೆದ ಪಾರ್ಟಿಷನ್ ಹುಡುಕೋ ತಂತ್ರಾಂಶ ಹಿಡಿದು ಹುಡುಕಬೇಕು.

ಮೊದಲು ಕರೆಂಟ್ ನೋಡಬೇಕು. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕೇ ಬೇಕು, ಸಾಮಾನ್ಯ ಯುಎಸ್‌ಬಿ ಪೋರ್ಟಿನಲ್ಲಿ ಬರೋದು 5 ವೋಲ್ಟ್ ಮಾತ್ರ. ಮೋಟಾರು ತಿರುಗೋಕೆ ಶುರುವಾಗುವಾಗ ಸುಮಾರು 2 ಆಂಪಿಯರ್ ಎಳೆಯುತ್ತೆ, ಹಾಗಾಗಿ 12 ವೋಲ್ಟ್ 2 ಆಂಪಿಯರ್ ಪವರ್ ಅಡಾಪ್ಟರ್ ಇಲ್ಲದೆ ಆಗಲ್ಲ. ಲ್ಯಾಪ್‌ಟಾಪಿನ 2.5 ಇಂಚಿನದಕ್ಕೆ 5 ವೋಲ್ಟ್ ಸಾಕು, ಆದರೆ ಹಳೇ ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಪೋರ್ಟ್ 900. ಕರೆಂಟ್ ಸಾಲದಿದ್ದರೆ ಟಕ್ ಟಕ್ ಸದ್ದು, ಬಂದು ಹೋಗಿ ಆಗೋ ಡಿಸ್ಕು. ಅದನ್ನ ಕೇಳಿ ಡಿಸ್ಕೇ ಕೆಟ್ಟಿದೆ ಅಂದುಕೊಳ್ಳೋರೇ ಜಾಸ್ತಿ. ಹಬ್ ತೆಗೆದು, ಕಂಪ್ಯೂಟರಿನ ಪೋರ್ಟಿಗೇ ನೇರ ಹಾಕಿ ನೋಡಬೇಕು.

ಕ್ರಮವೂ ಮುಖ್ಯ. ಸಾಟಾ ಕನೆಕ್ಟರಿನ ಎಲ್ ಆಕಾರ ನೋಡಿ ನೇರ ಒತ್ತಬೇಕು, ಅಲ್ಲಾಡಿಸಿದರೆ ಡಿಸ್ಕಿನ ಕಡೆಯ ಪ್ಲಾಸ್ಟಿಕ್ ನಾಲಿಗೆ ಮುರಿದುಹೋಗ್ತದೆ. ಆಮೇಲೆ 12 ವೋಲ್ಟ್ ಸ್ವಿಚ್. ತಿರುಗೋ ಸದ್ದು ಒಂದೇ ಸಮ ಆದ ಮೇಲೆ ಯುಎಸ್‌ಬಿ.

ಅವಳ ಡಿಸ್ಕು ಚೆನ್ನಾಗಿ ತಿರುಗ್ತಿದೆಯಂತೆ. ಹಾಗಾದರೆ ನನ್ನ ಅನುಮಾನ ಸಾಟಾ-ಯುಎಸ್‌ಬಿ ಅಡಾಪ್ಟರ್ ಮೇಲೆ. ಕೆಲವು ಅಡಾಪ್ಟರ್‌ಗಳು ದೊಡ್ಡ ಡಿಸ್ಕಿನ 512 ಬೈಟ್ ಸೆಕ್ಟರ್‌ಗಳನ್ನ (ಡಿಸ್ಕು ಓದಿ ಬರೆಯೋ ಚಿಕ್ಕ ತುಂಡುಗಳು) 4096 ಬೈಟಿನದು ಅಂತ ಕಂಪ್ಯೂಟರಿಗೆ ತೋರಿಸ್ತವೆ. ಜಿಪಿಟಿ ಅನ್ನೋ ಹೊಸ ಬಗೆಯ ಪಾರ್ಟಿಷನ್ ಪಟ್ಟಿ ಶುರುವಾಗೋದು ಎರಡನೇ ಸೆಕ್ಟರಿನಲ್ಲಿ. ಮದರ್‌ಬೋರ್ಡಿಗೆ ನೇರ ಹಾಕಿ ಬರೆದಾಗ ಅದು 512ನೇ ಬೈಟಿನಿಂದ ಇತ್ತು, ಈಗ ವಿಂಡೋಸ್ 4096ನೇ ಬೈಟಿನಲ್ಲಿ ಹುಡುಕ್ತದೆ. ಸಿಗೋದು ಹೇಗೆ? ಡಿಸ್ಕಿಗೆ ಏನೂ ಆಗಿರಲ್ಲ, ಡೆಸ್ಕ್‌ಟಾಪಿನ ಸಾಟಾ ಪೋರ್ಟಿಗೆ ಹಾಕಿದರೆ ಎಲ್ಲ ಫೋಲ್ಡರೂ ಇದ್ದಲ್ಲೇ ಇರ್ತವೆ. ಈ ಒಂದು ಕಾರಣಕ್ಕೆ ಎಷ್ಟು ಜನ ಫಾರ್ಮ್ಯಾಟ್ ಮಾಡಿಬಿಡ್ತಾರೋ, ನೆನೆಸಿದರೆ ಸಂಕಟ.

ಹೊಸ ಡಿಸ್ಕಾದರೆ ಹೆದರಿಕೆಯೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ಜಿಪಿಟಿ ಆರಿಸಿ (512 ಬೈಟ್ ಸೆಕ್ಟರಿನಲ್ಲಿ ಎಂಬಿಆರ್ ಅನ್ನೋ ಹಳೇ ಬಗೆಯ ಪಟ್ಟಿ 2 ಟಿಬಿ ದಾಟಲ್ಲ), ನ್ಯೂ ಸಿಂಪಲ್ ವಾಲ್ಯೂಮ್ ಕೊಟ್ಟು, ಫಾರ್ಮ್ಯಾಟಿಗೆ ವಿಂಡೋಸ್‌ನಲ್ಲೇ ಇರೋದಾದರೆ ಎನ್‌ಟಿಎಫ್‌ಎಸ್, ಮ್ಯಾಕಿಗೂ ಹೋಗೋದಾದರೆ ಎಕ್ಸ್‌ಫ್ಯಾಟ್. 1 ಟಿಬಿ 931 ಜಿಬಿ ಅಂತ ಕಾಣೋದು ಸರಿಯೇ.

ಡಿಸ್ಕು ತೆಗೀಬೇಕಾದರೆ ಸೇಫ್ಲಿ ರಿಮೂವ್ ಕೊಟ್ಟು, ಕರೆಂಟ್ ತೆಗೆದು, ತಿರುಗೋದು ಪೂರ್ತಿ ನಿಲ್ಲೋವರೆಗೆ ಕೈ ಹಚ್ಚಬೇಡ ಅಂತಲೂ ಅವಳಿಗೆ ಹೇಳಿದೆ. ಕೇಳೋಕೆ ಮರೆತದ್ದು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಾಣೋ ಗಾತ್ರ. 2794 ಜಿಬಿ (ಅಂದರೆ ಪೂರ್ತಿ 3 ಟಿಬಿ) ಅಂತ ಇದ್ದರೆ ಸೆಕ್ಟರ್ ಕಥೆಯೇ ಇರಬೇಕು. 746 ಅಂತ ಇದ್ದರೆ ಮಾತ್ರ ಬೇರೆ, ಆ ಅಡಾಪ್ಟರಿಗೆ 2 ಟಿಬಿ ಮೇಲೆ ಲೆಕ್ಕವೇ ಬರಲ್ಲ, ಆಗ ಅದನ್ನೇ ಬದಲಾಯಿಸಬೇಕು