ಕೆಂಪು ರಕ್ತಕಣದ ಮೇಲಿನ ಚುಕ್ಕೆ

ಯಾದಗಿರಿಯ ಒಂದು ಸಣ್ಣ ರಕ್ತಪರೀಕ್ಷಾ ಕೇಂದ್ರಕ್ಕೆ ಟೆಕ್ನೀಷಿಯನ್ ಆಗಿ ಸೇರಿ ನನಗೆ ಎರಡು ತಿಂಗಳಾಗಿತ್ತು. ಮೇ ತಿಂಗಳ ಮಧ್ಯಾಹ್ನ. ಸುರಪುರದ ಕಡೆಯಿಂದ ಜ್ವರದ ಮಗುವನ್ನು ಎತ್ತಿಕೊಂಡು ಬಂದಿದ್ದ ತಾಯಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಮಗುವಿನ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿ ಸ್ಮಿಯರ್ ಎಳೆದು, ಲೀಶ್‌ಮನ್ ಬಣ್ಣ ಸುರಿದು, ಸ್ಲೈಡನ್ನು ಫ್ಯಾನಿನ ಕೆಳಗೇ ಬಿಟ್ಟು ಇನ್ನೊಬ್ಬರ ರಕ್ತ ತೆಗೆಯಲು ಹೋದೆ. ಆಮೇಲೆ ನೀರು ಬೆರೆಸಿ, ತೊಳೆದು, ಮೈಕ್ರೋಸ್ಕೋಪಿನ ಆಯಿಲ್ ಲೆನ್ಸಿನಲ್ಲಿ ನೋಡಿದರೆ ಕೆಂಪು ಕಣಗಳ ತುಂಬ ಕಡುನೇರಳೆ ಚುಕ್ಕೆಗಳು. ಮಲೇರಿಯಾ ಎಂದು ಬರೆಯಲು ಪೆನ್ನು ತೆಗೆದೇಬಿಟ್ಟೆ.

“ತಮ್ಮಾ, ಈಗಲೇ ಬರೆಯಬೇಡ. ಫೈನ್ ನಾಬ್ ತಿರುಗಿಸಿ ನೋಡು” ಎಂದರು ನಮ್ಮ ಹಿರಿಯ ಟೆಕ್ನೀಷಿಯನ್ ಅಕ್ಕ.

ಫೋಕಸನ್ನು ಸೂಕ್ಷ್ಮವಾಗಿ ಬದಲಿಸುವ ಆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಕಣದ ಅಂಚು ಮಸುಕಾಯಿತು, ಚುಕ್ಕೆ ಮಾತ್ರ ಇನ್ನಷ್ಟು ಸ್ಪಷ್ಟವಾಯಿತು. ಅಂದರೆ ಅದು ಕಣದ ಒಳಗಿರಲಿಲ್ಲ, ಮೇಲೆ ಕುಳಿತಿತ್ತು. ಕಣಗಳೇ ಇಲ್ಲದ ಜಾಗದಲ್ಲೂ ಅಂಥವೇ ಚುಕ್ಕೆಗಳಿದ್ದವು. ಲೀಶ್‌ಮನ್ ಬಣ್ಣ ಮೆಥನಾಲಿನಲ್ಲಿ ಕರಗಿರುತ್ತದೆ. ನಮ್ಮ ಬೇಸಿಗೆಯಲ್ಲಿ, ಅದರಲ್ಲೂ ಫ್ಯಾನಿನ ಗಾಳಿಗೆ, ಮೆಥನಾಲ್ ಬೇಗ ಆರಿಹೋಗಿ ಬಣ್ಣ ಗಸಿಯಾಗಿ ಸ್ಲೈಡಿಗೆ ಅಂಟುತ್ತದೆ. ನಾನು ಕಂಡದ್ದು ಆ ಗಸಿಯನ್ನು.

ಅಕ್ಕ ಅಂದು ಕೇಳಿದ ಒಂದು ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ: “ಕೆಂಪು ಕಣಕ್ಕೆ ಕೋಶಕೇಂದ್ರ ಇರುತ್ತದೆಯೇ?” ಇರುವುದಿಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ, ಆದರೆ ಕೆಲಸಕ್ಕೆ ಬಳಸಿರಲಿಲ್ಲ. ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗಲೇ ಆ ಕಣ ತನ್ನ ಕೋಶಕೇಂದ್ರವನ್ನು ಹೊರದೂಡುತ್ತದೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾವನ್ನೂ ಉಳಿಸಿಕೊಳ್ಳುವುದಿಲ್ಲ. ಏಳೆಂಟು ಮೈಕ್ರೋಮೀಟರ್ ಅಗಲದ ಆ ಬಿಲ್ಲೆಯ ತುಂಬ ಆಮ್ಲಜನಕ ಹೊರುವ ಹಿಮೋಗ್ಲೋಬಿನ್. ಹಾಗಿರುವಾಗ ಅದರೊಳಗೆ ಕೋಶಕೇಂದ್ರವೂ ಕೋಶದ್ರವ್ಯವೂ ಜೊತೆಯಾಗಿ ಕಂಡರೆ, ಅಲ್ಲಿ ಬೇರೊಂದು ಜೀವಕೋಶ ಬಿಡಾರ ಹೂಡಿದೆ ಎಂದೇ ಅರ್ಥ. ಮಲೇರಿಯಾ ಪರೋಪಜೀವಿಯ ಉಂಗುರ ಅದೇ: ನೀಲಿ ಬಳೆ ಅದರ ಕೋಶದ್ರವ್ಯ, ಬಳೆಗೆ ಕೂರಿಸಿದ ಕೆಂಪು ಹರಳು ಅದರ ಕೋಶಕೇಂದ್ರ. ನನ್ನ ಚುಕ್ಕೆಗಳಿಗೆ ಬಳೆಯೇ ಇರಲಿಲ್ಲ.

1880ರಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಈ ಜೀವಿಯನ್ನು ಗುರುತಿಸಿದ್ದು ಬಣ್ಣ ಹಾಕದ ಹಸಿ ರಕ್ತದಲ್ಲಿ. ಅದು ಅಲುಗಾಡುತ್ತಿತ್ತು, ಹಾಗಾಗಿ ಜೀವವಿದೆ ಎಂದು ತಿಳಿಯಿತು. ನಾವು ನೋಡುವುದು ಒಣಗಿಸಿ ಬಣ್ಣ ಹಾಕಿದ ಸ್ಲೈಡು. ಅಲ್ಲಿ ಯಾವುದೂ ಅಲುಗದು. ಬಣ್ಣ ಕೈಕೊಟ್ಟರೆ ಸಾಕ್ಷಿಯೇ ಹೋಯಿತು. ಕ್ಷಾರ ಹೆಚ್ಚಿರುವ ಬೋರ್‌ವೆಲ್ ನೀರು ಬೆರೆಸಿದರೂ ಕಣಗಳೆಲ್ಲ ನೀಲಿಗೆ ತಿರುಗುತ್ತವೆ. ಅದಕ್ಕೇ ಮಲೇರಿಯಾ ಸ್ಲೈಡಿಗೆ ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಂತೆ ಹದಗೊಳಿಸಿದ, 7.2 ಪಿಎಚ್‌ನ ಬಫರ್ ನೀರನ್ನೇ ಬಳಸುತ್ತೇನೆ. ಬಣ್ಣ ಹಾಕಿದ ಮೇಲೆ ಸ್ಲೈಡು ಬಿಟ್ಟು ಎದ್ದು ಹೋಗುವುದಿಲ್ಲ.

ಅಂದು ಮಗುವಿನ ರಕ್ತವನ್ನು ಮತ್ತೆ ತೆಗೆದೆವು. ಅಳುವ ಮಗುವಿನ ಬೆರಳಿಗೆ ಎರಡನೆಯ ಸಲ ಚುಚ್ಚಬೇಕಾಯಿತು. ಅದು ನನ್ನ ತಪ್ಪಿನ ಬೆಲೆ. ರಕ್ತವನ್ನು ದಪ್ಪಗೆ ಹರಡಿದ ಸ್ಮಿಯರಿನಲ್ಲಿ ನೂರು ಕ್ಷೇತ್ರಗಳನ್ನು (ಲೆನ್ಸಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಕ್ಷೇತ್ರ) ಎಣಿಸಿ ನೋಡಿದರೂ ಪರೋಪಜೀವಿ ಕಾಣಲಿಲ್ಲ. ಹಾಗೆಂದೇ ವರದಿ ಬರೆದುಕೊಟ್ಟೆ.

ಕಾಲುವೆ ನೀರು ಹರಿದು ಗದ್ದೆಗಳು ತುಂಬಿದ್ದ ಮಳೆಗಾಲದಲ್ಲಿ ನಿಜವಾದ ಉಂಗುರ ಮೊದಲ ಸಲ ಕಣ್ಣಿಗೆ ಬಿತ್ತು. ಪೆನ್ನು ಮುಟ್ಟದೆ ಫೈನ್ ನಾಬ್ ತಿರುಗಿಸಿದೆ. ಕಣವೂ ಉಂಗುರವೂ ಒಟ್ಟಿಗೆ ಮಸುಕಾದವು, ಒಟ್ಟಿಗೆ ಮರಳಿ ಬಂದವು. ಅಕ್ಕನನ್ನು ಕರೆದೆ.