ಪಿ0299 ಎರರ್ ಕೋಡ್ ಬಂತು ಅಂತ ಕಾರಿನ ಟರ್ಬೊ ಬಿಚ್ಚಬೇಡಿ

ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಉಸ್ ಅಂತ ಒಂದು ಸದ್ದು, ಚೆಕ್ ಎಂಜಿನ್ ಲೈಟು, ಆಮೇಲೆ ಲಾರಿ ಹಿಂದೆ ತೆವಳುವ ಗತಿ. ಇದು ಲಿಂಪ್ ಮೋಡ್. ಎಂಜಿನ್ ಹಾಳಾಗದಿರಲಿ ಅಂತ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯುನೇ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಇಳಿಸಿಬಿಡುತ್ತದೆ.

ನನ್ನದು ಸ್ಟೇಜ್ 1 ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಸಿಯು ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿ, ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರನ್ನು ದೊಡ್ಡದು ಹಾಕಿಸಿದ 2.0 ಲೀಟರ್ ಟರ್ಬೊ ಪೆಟ್ರೋಲ್ ಕಾರು. ಸ್ಕ್ಯಾನರ್ ತೋರಿಸಿದ ಕೋಡ್ ಪಿ0299. "ಟರ್ಬೊ ಹೋಗಿದೆ ಸಾರ್" ಅಂದರು ಒಬ್ಬ ಮೆಕ್ಯಾನಿಕ್. ಕೋಡ್ ಹಾಗೆ ಹೇಳಲ್ಲ. ಇಸಿಯು ಕೇಳಿದಷ್ಟು ಒತ್ತಡ ಸಿಗುತ್ತಿಲ್ಲ ಅನ್ನುತ್ತದೆ, ಅಷ್ಟೇ. ಕಾರಣ ಬೂಸ್ಟ್ ಹದದಲ್ಲಿಡುವ ವೇಸ್ಟ್‌ಗೇಟ್ ಅಥವಾ ಡೈವರ್ಟರ್ ವಾಲ್ವ್, ಸಡಿಲವಾದ ಒಂದು ಹೋಸ್, ಯಾವುದೂ ಆಗಬಹುದು.

ಹಾಗಾಗಿ ಮೊದಲು ಲಾಗ್ ಮಾಡಿ, ಅಂದರೆ ಕಾರು ಓಡುವಾಗಿನ ಅಂಕಿಗಳನ್ನು ದಾಖಲಿಸಿಕೊಳ್ಳಿ. ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಎರಡೂ ಗೆರೆ ಒಟ್ಟಿಗೆ ನೋಡಿ. ನನ್ನ ಕಾರಲ್ಲಿ ಎರಡೂ ಜೊತೆಗೇ ಏರುತ್ತಿದ್ದವು, ಸುಮಾರು 0.7 ಬಾರ್ ದಾಟಿದ ಮೇಲೆ ಎರಡನೆಯದು ಅಲ್ಲೇ ನಿಂತುಬಿಡುತ್ತಿತ್ತು. ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುವ ಸೋರಿಕೆ ಇರಬೇಕು ಅನ್ನಿಸಿದ್ದು ಆಗಲೇ. ಇಂಥದ್ದು ಪೈಪುಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟಲ್ಲಿ ತಪ್ಪಿಸಿಕೊಳ್ಳಬಹುದು, ಅಲ್ಲಿ ಒತ್ತಡ ತೀರಾ ಕಡಿಮೆ ಅಲ್ವಾ. ಟರ್ಬೊಗೆ ಗಾಳಿ ಹೋಗುವ ಬಾಯಿ (ಇನ್‌ಲೆಟ್) ಮುಚ್ಚಿ, ಏರ್ ಕಂಪ್ರೆಸರ್‌ನಿಂದ 1 ಬಾರ್ ಗಾಳಿ ತುಂಬಿ, ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹೊಡೆದೆವು. ಇಂಟರ್‌ಕೂಲರ್ ಕೆಳಗಿನ ಸಿಲಿಕೋನ್ ಹೋಸ್‌ನಲ್ಲಿ ನೊರೆ ಉಕ್ಕಿತು. ಹೋಸ್ ಪೈಪಿನ ಅಂಚಿಗೇ ಸರಿದು ಬಂದಿತ್ತು, ಕ್ಲ್ಯಾಂಪ್ ಪೈಪಿನ ಉಬ್ಬಿನ ಮೇಲೇ ಕೂತಿತ್ತು, ಸುತ್ತ ಎಣ್ಣೆ ಜಿಡ್ಡು.

ಜಿಡ್ಡು ಒರೆಸಿ, ಟಿ-ಬೋಲ್ಟ್ ಕ್ಲ್ಯಾಂಪನ್ನು ಉಬ್ಬಿನ ಹಿಂದೆ ಕೂರಿಸಿ ಬಿಗಿದೆವು. ಕೋಡ್ ಅಳಿಸಿ ಮತ್ತೆ ಲಾಗ್ ಮಾಡಿದರೆ ಎರಡೂ ಗೆರೆ ಒಂದರ ಮೇಲೊಂದು. ಹೊಸ ಟರ್ಬೊದ ಕೊಟೇಶನ್ ಇನ್ನೂ ವಾಟ್ಸಾಪ್‌ನಲ್ಲಿ ಸುಮ್ನೆ ಬಿದ್ದಿದೆ.